ಸಹಾಯ ಬೇಕು: ಬೆಕ್ಕಿನ ಬ್ಲಡ್ ಗ್ರೂಪ್ ಟೆಸ್ಟ್ ಬೆಂಗಳೂರಿನಲ್ಲಿ ಎಲ್ಲಿ ಮಾಡ್ತಾರೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಡೆವನ್ ರೆಕ್ಸ್ ತಳಿಯ ಹೆಣ್ಣು ಬೆಕ್ಕಿದೆ. ಮೈತುಂಬ ಗುಂಗುರು ಕೂದಲು, ಮೊರದಗಲ ಕಿವಿ, ಮೀಸೆ ಕೂಡ ಸುರುಳಿ, ಅದೂ ಅರ್ಧಕ್ಕೇ ಮುರಿದುಹೋಗುತ್ತದೆ. ಪಕ್ಕದ ಮನೆಯವರು ಇದಕ್ಕೆ ಕಜ್ಜಿ ಆಗಿದೆಯಾ ಅಂತ ಈಗಲೂ ಕೇಳುತ್ತಾರೆ!

ಒಂದು ಸಲ ಮರಿ ಹಾಕಿಸೋಣ ಅಂತಿದ್ದೇವೆ. ಅದೇ ತಳಿಯ ಗಂಡೂ ಸಿಕ್ಕಿದೆ. ಆದರೆ ಈ ತಳಿಯಲ್ಲಿ ಬಿ ಗುಂಪಿನ ರಕ್ತ ಜಾಸ್ತಿ. ತಾಯಿ ಬಿ, ಗಂಡು ಎ ಆದರೆ ಎ ಗುಂಪಿನ ಮರಿಗಳಿಗೆ ತಾಯಿಯ ಗಿಣ್ಣುಹಾಲೇ ವಿಷ, ಅದರಲ್ಲಿರುವ ಆ್ಯಂಟಿಬಾಡಿಗಳು ಮರಿಯ ರಕ್ತಕಣಗಳನ್ನೇ ಒಡೆಯುತ್ತವೆ. ಹುಟ್ಟಿದಾಗ ಚೆನ್ನಾಗಿದ್ದ ಮರಿ ಒಂದೆರಡು ದಿನದಲ್ಲಿ ಸೊರಗುತ್ತದೆ, ಉಚ್ಚೆ ಕೆಂಪುಗಂದಾಗುತ್ತದೆ, ಆಮೇಲೆ ಉಳಿಯೋದು ಕಷ್ಟ. ನಮ್ಮ ಕಡೆ ಡಾಕ್ಟರು "ಬೆಕ್ಕಿಗೂ ಬ್ಲಡ್ ಗ್ರೂಪಾ" ಅಂತ ನಕ್ಕುಬಿಟ್ಟರು.

ಎರಡಕ್ಕೂ ಟೆಸ್ಟ್ ಮಾಡಿಸದೆ ಜೋಡಿ ಬಿಡೋದಿಲ್ಲ. ಎಲ್ಲಿ ಮಾಡ್ತಾರೆ, ಎಷ್ಟಾಗುತ್ತದೆ, ಯಾರಾದ್ರೂ ಮಾಡಿಸಿದ್ದೀರಾ? ಗುಂಪು ಹೊಂದದೆ, ಬೇರೆ ಗಂಡೂ ಸಿಗದಿದ್ದರೆ ಹುಟ್ಟಿದ ತಕ್ಷಣ ಮರಿಗಳನ್ನು ಒಂದು ದಿನ ತಾಯಿಯಿಂದ ದೂರವಿಟ್ಟು ಎರಡೆರಡು ಗಂಟೆಗೆ ಹಾಲು ಕುಡಿಸಬೇಕಂತೆ. ಹಾಗೆ ಮಾಡಿದವರಿದ್ದರೆ ಯಾವ ಪುಡಿ, ಸಿರಿಂಜಾ ಬಾಟಲಿಯಾ, ಆಮೇಲೆ ತಾಯಿ ಮರಿಗಳನ್ನು ಹತ್ತಿರ ಸೇರಿಸಿತಾ ಹೇಳಿ. ಹಸುವಿನ ಹಾಲು ಹಾಕಿ ಅನ್ನೋದು ಮಾತ್ರ ಬೇಡ, ಭೇದಿ ಆಗುತ್ತದೆ. ಮರಿ ಮಾರ್ತೀರಾ ಅಂತಲೂ ಈಗಲೇ ಕೇಳಬೇಡಿ ದಯವಿಟ್ಟು.