ಸಹಾಯ ಬೇಕು: ಇಲಿಯ ಪಿಗ್-ಎ ಜೀನ್, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ

ಎಲ್ಲರಿಗೂ ನಮಸ್ಕಾರ ರೀ. ಕಲಬುರಗಿಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಸೋಮವಾರ ನನ್ನ ಸೆಮಿನಾರ್, ವಿಷಯ ಇಲಿಯ ಪಿಗ್-ಎ ಜೀನ್.

ಅರ್ಥ ಆಗಿದ್ದು ಇಷ್ಟು. ಜೀವಕೋಶದ ಪೊರೆಯ ಹೊರಗೆ ಕೆಲವು ಪ್ರೋಟೀನ್‌ಗಳು ಜಿಪಿಐ ಎಂಬ ಕೊಂಡಿ ಹಿಡಿದು ನಿಲ್ಲುತ್ತವೆ, ಗೂಟಕ್ಕೆ ಎತ್ತು ಕಟ್ಟಿದ ಹಾಗೆ. ಆ ಗೂಟ ಮಾಡುವ ಮೊದಲ ಹೆಜ್ಜೆಗೇ ಪಿಗ್-ಎ ಬೇಕು. ಅದು ಕೆಟ್ಟರೆ ಕೆಂಪು ರಕ್ತಕಣದ ಮೇಲೆ ಸಿಡಿ59 ಎಂಬ ಇಂಥ ಒಂದು ಪ್ರೋಟೀನ್ ಕಾಣುವುದಿಲ್ಲ. ಯಾವುದಾದರೂ ರಾಸಾಯನಿಕ ಡಿಎನ್ಎ ಕೆಡಿಸುತ್ತದಾ ಅಂತ ಇಲಿಯಲ್ಲಿ ಪರೀಕ್ಷಿಸುವ ಒಂದು ದಾರಿ ಇದು. 2022ರಲ್ಲಿ ಈ ಪರೀಕ್ಷೆಗೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 470ನೇ ಮಾರ್ಗಸೂಚಿಯೂ ಬಂತು. ಗೂಟಕ್ಕೆ 20ಕ್ಕೂ ಜಾಸ್ತಿ ಜೀನ್ ಬೇಕು, ಆದರೆ ಪಿಗ್-ಎ ಇರುವುದು ಎಕ್ಸ್ ಕ್ರೋಮೋಸೋಮ್ ಮೇಲೆ. ಒಂದು ಕೋಶದಲ್ಲಿ ಅದರ ಒಂದೇ ಪ್ರತಿ ಕೆಲಸ ಮಾಡುತ್ತದೆ, ಹಾಗಾಗಿ ಕೆಡಲು ಒಂದೇ ಪೆಟ್ಟು ಸಾಕು.

ನನಗೆ ತೊಡಕಾಗಿದ್ದು ಇಲ್ಲಿ. ಕೆಂಪು ಕಣದಲ್ಲಿ ಡಿಎನ್ಎ ಇರುವ ನ್ಯೂಕ್ಲಿಯಸ್ಸೇ ಇಲ್ಲ, ಅಲ್ವಾ? ಹಾಗಾದರೆ ಕೆಟ್ಟಿದ್ದು ಪಿಗ್-ಎ ಜೀನೇ ಅಂತ ಖಾತ್ರಿ ಮಾಡುವುದು ಹೇಗೆ? ಕೆಂಪು ಕಣ ಹುಟ್ಟುವ ಮೂಳೆಮಜ್ಜೆಯ ಕೋಶ ತೆಗೆದು ಅದರ ಡಿಎನ್ಎ ಸೀಕ್ವೆನ್ಸ್ ಮಾಡಬೇಕು ಅಂತ ನನ್ನ ಅಂದಾಜು. ಸರಿನಾ?

ಇನ್ನೊಂದು. ಸಿಡಿ59 ಇಲ್ಲದ ಕಣಗಳನ್ನು ಎಣಿಸುವ ಯಂತ್ರ ಫ್ಲೋ ಸೈಟೋಮೀಟರ್, ಅದನ್ನು ನಾನು ಫೋಟೋದಲ್ಲಷ್ಟೇ ನೋಡಿದ್ದು. ಅದರ ಚುಕ್ಕಿ ಚಿತ್ರ ಓದಲು ಬರುವವರು ಹತ್ತು ನಿಮಿಷ ಫೋನಿನಲ್ಲಿ ಸಿಕ್ಕರೆ ದೊಡ್ಡ ಉಪಕಾರ. ಸಂಜೆ ಏಳರ ಮೇಲೆ ಆದರೆ ಒಳ್ಳೆಯದು, ಈ ಬಿಸಿಲಲ್ಲಿ ಹಗಲು ತಲೆ ಓಡುವುದಿಲ್ಲ.