ಡೆಬಿಯನ್ 12ಕ್ಕೆ ಬಂದ ಮೇಲೆ ಡೆಸ್ಕ್‌ಟಾಪಿನ ಮೇಲಿದ್ದ ಫೈಲುಗಳೆಲ್ಲ ಕಾಣೆಯಾಗಿವೆ: ಮರಳಿ ತರುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಮನೆಯಲ್ಲೇ ಕುಳಿತು ಕನ್ನಡ ಪುಸ್ತಕಗಳ ಕರಡು ತಿದ್ದುವ ಕೆಲಸ ಮಾಡುತ್ತೇನೆ. ನನ್ನ ಕಂಪ್ಯೂಟರಿನಲ್ಲಿ ಇಷ್ಟು ವರ್ಷ ಡೆಬಿಯನ್ 9 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಇತ್ತು. ಅದರಲ್ಲಿ ಪರದೆ, ಮೆನು, ಕಿಟಕಿಗಳನ್ನೆಲ್ಲ ನೋಡಿಕೊಳ್ಳುವ ಗ್ನೋಮ್ ಎಂಬ ಡೆಸ್ಕ್‌ಟಾಪನ್ನು ಬಳಸುತ್ತಿದ್ದೆ. ಆ ಆವೃತ್ತಿಗೆ ಸುರಕ್ಷತೆಯ ಅಪ್‌ಡೇಟ್‌ಗಳು 2022ರ ಜೂನ್‌ನಲ್ಲೇ ನಿಂತುಹೋಗಿವೆ ಎಂದು ಪರಿಚಯದವರೊಬ್ಬರು ಎಚ್ಚರಿಸಿದ್ದರಿಂದ, ಕಳೆದ ವಾರ ದುರಸ್ತಿಯವರನ್ನು ಕರೆಸಿ ಡೆಬಿಯನ್ 12 ಹಾಕಿಸಿಕೊಂಡೆ. ನನ್ನ ಫೈಲುಗಳಿರುವ ಹೋಮ್ ವಿಭಾಗವನ್ನು ಅಳಿಸದೆ ಹಾಗೆಯೇ ಉಳಿಸಿದ್ದೇನೆ ಎಂದು ಅವರು ಹೇಳಿದರು. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಡಿ ಎಂದು ನಾನೇ ಕೇಳಿದ್ದೆ, ಅದನ್ನೂ ಮಾಡಿಕೊಟ್ಟರು.

ಅವರು ಹೋದ ಮೇಲೆ ಲಾಗಿನ್ ಆಗಿ ನೋಡಿದರೆ ಡೆಸ್ಕ್‌ಟಾಪಿನ ಮೇಲೆ ಹಿನ್ನೆಲೆಯ ಚಿತ್ರವೊಂದನ್ನು ಬಿಟ್ಟು ಮತ್ತೇನೂ ಇಲ್ಲ. ಮೌಸಿನ ಬಲಗುಂಡಿ ಒತ್ತಿದರೆ ಹಿನ್ನೆಲೆ ಬದಲಾಯಿಸುವುದಕ್ಕೂ ಸೆಟ್ಟಿಂಗ್ಸ್ ತೆರೆಯುವುದಕ್ಕೂ ಆಯ್ಕೆಗಳಿವೆಯೇ ಹೊರತು, ಹೊಸ ಫೋಲ್ಡರ್ ಮಾಡುವ ಆಯ್ಕೆಯಾಗಲಿ, ಅಂಟಿಸುವ ಆಯ್ಕೆಯಾಗಲಿ ಕಾಣುವುದಿಲ್ಲ. ಹಿಂದೆ ಟ್ವೀಕ್ಸ್ ಎಂಬ ಪ್ರೋಗ್ರಾಮಿನಲ್ಲಿ ಐಕಾನ್‌ಗಳನ್ನು ತೋರಿಸುವ ಸ್ವಿಚ್ ಇದ್ದುದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅದನ್ನು ಹಾಕಿದವಳು ನಾನೇ. ಈಗಿನ ಟ್ವೀಕ್ಸ್‌ನಲ್ಲಿ ಆ ಸ್ವಿಚ್ ಇಲ್ಲ.

ಇದು ನನಗೆ ಏಕೆ ಇಷ್ಟು ತೊಂದರೆಯಾಗಿದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ನನ್ನ ಡೆಸ್ಕ್‌ಟಾಪಿನ ಎಡ ಅಂಚಿನಲ್ಲಿ ಇನ್ನೂ ಓದಬೇಕಾದ ಅಧ್ಯಾಯಗಳು ಇರುತ್ತಿದ್ದವು. ನಡುವೆ, ಲೇಖಕರನ್ನು ಕೇಳಿ ತಿಳಿಯಬೇಕಾದ ಸಂದೇಹಗಳಿರುವ ಫೈಲುಗಳು. ಬಲಗಡೆ ಕೆಳಮೂಲೆಯಲ್ಲಿ, ತಿದ್ದಿ ಮುಗಿದು ಮುದ್ರಣಕ್ಕೆ ಹೋಗಬೇಕಾದವು. ಒಂದು ಅಧ್ಯಾಯ ಎಡದಿಂದ ಬಲಕ್ಕೆ ಸರಿದರೆ ಕೆಲಸ ಸಾಗಿತೆಂದು ಅರ್ಥ. ಸುಮಾರು ನಲವತ್ತು ಫೈಲುಗಳಿದ್ದವು, ಅವುಗಳ ಹೆಸರು ಹೆಚ್ಚುಕಡಿಮೆ ಒಂದೇ ರೀತಿ, ‘ಅಧ್ಯಾಯ 7 ಎರಡನೆಯ ಕರಡು’ ಎಂಬಂತೆ. ಯಾವುದು ಎಲ್ಲಿದೆ ಎಂಬುದರಿಂದಲೇ ಅದರ ಸ್ಥಿತಿ ನನಗೆ ತಿಳಿಯುತ್ತಿತ್ತು. ಈ ತಿಂಗಳ ಕೊನೆಗೆ ಒಂದು ಪುಸ್ತಕ ಒಪ್ಪಿಸಬೇಕು. ಫೈಲುಗಳು ಅಳಿದುಹೋಗಿವೆಯೇ? ಹತ್ತಾರು ವರ್ಷ ಇದ್ದ ಸೌಕರ್ಯವನ್ನು ಏಕೆ ತೆಗೆದರು? ದಯವಿಟ್ಟು ತಿಳಿದವರು ಹೇಳಿ.

ಮೊದಲನೆಯ ಉತ್ತರ

ಮೇಡಂ, ಹೋಮ್ ವಿಭಾಗವನ್ನು ಅಳಿಸದೆ ಉಳಿಸಿದ್ದರೆ ನಿಮ್ಮ ಫೈಲುಗಳು ಇದ್ದಲ್ಲಿಯೇ ಇವೆ. ‘ಫೈಲ್ಸ್’ ಪ್ರೋಗ್ರಾಮನ್ನು ತೆರೆದು ಹೋಮ್ ಫೋಲ್ಡರಿಗೆ ಹೋದರೆ ಅಲ್ಲಿ ಡೆಸ್ಕ್‌ಟಾಪ್ ಎಂಬ ಫೋಲ್ಡರ್ ಕಾಣುತ್ತದೆ. ಅದನ್ನು ತೆರೆದು ನಲವತ್ತು ಫೈಲುಗಳೂ ಇವೆಯೇ ಎಂದು ಎಣಿಸಿ ನೋಡಿ. ಬೇರೆ ಏನನ್ನೇ ಮಾಡುವ ಮೊದಲು ಆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಒಮ್ಮೆ ನಕಲು ಮಾಡಿಕೊಳ್ಳಿ. ಗಾಬರಿಯಲ್ಲಿ ಫೈಲುಗಳನ್ನು ಅತ್ತಿತ್ತ ಸಾಗಿಸಿ ನಿಜವಾಗಿಯೂ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಏಕೆ ತೆಗೆದರು ಎಂಬ ನಿಮ್ಮ ಪ್ರಶ್ನೆಗೆ ನ್ಯಾಯವಾದ ಉತ್ತರವಿದೆ, ಅದು ನಿಮ್ಮ ಕಷ್ಟವನ್ನು ಕಡಿಮೆ ಮಾಡದಿದ್ದರೂ ತಿಳಿದಿರುವುದು ಒಳ್ಳೆಯದು. 2011ರಲ್ಲಿ ಗ್ನೋಮ್ 3 ಬಂದಾಗಲೇ ಡೆಸ್ಕ್‌ಟಾಪಿನ ಐಕಾನ್‌ಗಳು ತಾವಾಗಿ ಕಾಣುವುದು ನಿಂತಿತ್ತು, ಆದರೆ ಬೇಕೆಂದವರು ಟ್ವೀಕ್ಸ್‌ನಲ್ಲಿ ಸ್ವಿಚ್ ಹಾಕಿ ತರಿಸಿಕೊಳ್ಳಬಹುದಿತ್ತು. ನೀವು ಮಾಡಿದ್ದೂ ಅದನ್ನೇ. ಆ ಐಕಾನ್‌ಗಳನ್ನು ಬಿಡಿಸುತ್ತಿದ್ದುದು ನಾಟಿಲಸ್, ಅಂದರೆ ಈಗ ನಾವು ‘ಫೈಲ್ಸ್’ ಎಂದು ಕರೆಯುವ ಪ್ರೋಗ್ರಾಂ. ಅದು ಪರದೆಯಷ್ಟೇ ಅಗಲದ ಒಂದು ಕಿಟಕಿಯನ್ನು ತೆರೆದು, ಅದನ್ನು ಎಲ್ಲ ಕಿಟಕಿಗಳ ಹಿಂದೆ ಹಾಸಿ, ಅದರ ಮೇಲೆ ಫೋಲ್ಡರಿನ ಫೈಲುಗಳನ್ನು ಹರಡುತ್ತಿತ್ತು. ಒಂದೇ ಪರದೆ ಇದ್ದಾಗ ಇದು ಸರಿಯಾಗಿಯೇ ನಡೆಯುತ್ತಿತ್ತು. ಎರಡು ಮಾನಿಟರ್ ಜೋಡಿಸಿದಾಗ ಮಾತ್ರ ಐಕಾನ್‌ಗಳು ಎಲ್ಲೆಲ್ಲೋ ಹೋಗಿ ಕೂರುತ್ತಿದ್ದವು. ಇದರ ಮೇಲೆ, ಪ್ರೋಗ್ರಾಮುಗಳ ಕಿಟಕಿಗಳನ್ನು ಪರದೆಗೆ ತರುವ ಹಳೆಯ ಎಕ್ಸ್ ವ್ಯವಸ್ಥೆಯ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಂ ತನ್ನ ಕಿಟಕಿಯನ್ನು ತಾನೇ ಎಲ್ಲಕ್ಕಿಂತ ಹಿಂದೆ ಇಟ್ಟುಕೊಳ್ಳಲು ಬರುವುದಿಲ್ಲ. ಹಳೆಯ ಕೋಡನ್ನು ನೋಡಿಕೊಳ್ಳುವವರೂ ಇರಲಿಲ್ಲ, ಅದು ಇರುವ ತನಕ ನಾಟಿಲಸ್‌ನ ಉಳಿದ ಭಾಗಗಳನ್ನು ಸುಧಾರಿಸುವುದೂ ಕಷ್ಟವಾಗುತ್ತಿತ್ತು. ಹೀಗಾಗಿ 2018ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 3.28ರಲ್ಲಿ ಅದನ್ನು ತೆಗೆದರು. ಟ್ವೀಕ್ಸ್‌ನ ಸ್ವಿಚ್ ಕೂಡ ಆಗಲೇ ಹೋಯಿತು. ಡೆಬಿಯನ್ 9ರಲ್ಲಿದ್ದುದು ಗ್ನೋಮ್ 3.22, 12ರಲ್ಲಿರುವುದು 43. ಉಳಿದವರು ಮೆಟ್ಟಿಲು ಮೆಟ್ಟಿಲಾಗಿ ಕಂಡ ಬದಲಾವಣೆಯನ್ನು ನೀವು ಒಂದೇ ದಿನದಲ್ಲಿ ಕಂಡಿದ್ದೀರಿ.

ಆಗ ನಾಟಿಲಸ್‌ನ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಕಾರ್ಲೋಸ್ ಸೊರಿಯಾನೊ ಅವರು ಕಾರಣಗಳನ್ನು ಬಿಡಿಸಿ ಬರೆದಿದ್ದರು, ಮತ್ತು ಅದರ ಬದಲಿಗೆ ಗ್ನೋಮ್ ಶೆಲ್‌ಗೆ, ಅಂದರೆ ಗ್ನೋಮ್‌ನ ಪರದೆಯನ್ನು ನಡೆಸುವ ಮುಖ್ಯ ಪ್ರೋಗ್ರಾಮಿಗೆ, ಒಂದು ಎಕ್ಸ್‌ಟೆನ್ಷನ್ (ಹೆಚ್ಚುವರಿ ಸೌಕರ್ಯ ಸೇರಿಸುವ ಸಣ್ಣ ಪ್ರೋಗ್ರಾಂ) ಬರೆಯುವುದಕ್ಕೂ ಕೈ ಹಾಕಿದರು. ಆ ಮೊದಲ ಎಕ್ಸ್‌ಟೆನ್ಷನ್ನಿನಲ್ಲಿ ಕೊರತೆಗಳಿದ್ದವು. ಆಮೇಲೆ ಸೆರ್ಜಿಯೊ ಕೋಸ್ಟಾಸ್ ಅವರು ಅದನ್ನು ಬೇರೆ ರೀತಿಯಲ್ಲಿ ಕಟ್ಟಿ ‘ಡೆಸ್ಕ್‌ಟಾಪ್ ಐಕಾನ್ಸ್ ಎನ್‌ಜಿ’ ಎಂಬುದನ್ನು ಮಾಡಿದರು. ಇದರಲ್ಲಿ ಐಕಾನ್‌ಗಳನ್ನು ಬಿಡಿಸುವ ಕೆಲಸ ಒಂದು ಪ್ರತ್ಯೇಕ ಪ್ರೋಗ್ರಾಮಿನಲ್ಲಿ ನಡೆಯುವುದರಿಂದ, ಡೆಸ್ಕ್‌ಟಾಪಿನ ಮೇಲೆ ಎಷ್ಟೇ ಫೈಲುಗಳಿದ್ದರೂ ಗ್ನೋಮ್ ಶೆಲ್ ನಿಧಾನವಾಗುವುದಿಲ್ಲ. ಡೆಬಿಯನ್ ಆಧಾರದ ಮೇಲೆ ಕಟ್ಟಿದ ಉಬುಂಟು ತನ್ನ 21.04 ಆವೃತ್ತಿಯಿಂದ ಇದನ್ನು ಮೊದಲೇ ಹಾಕಿಕೊಡುತ್ತಿದೆ. ಡೆಬಿಯನ್‌ನಲ್ಲಿ ನಾವೇ ಹಾಕಿಕೊಳ್ಳಬೇಕು.

ಹಾಕುವ ಬಗೆ ಹೀಗೆ: ‘ಸಾಫ್ಟ್‌ವೇರ್’ ತೆರೆದು ‘ಎಕ್ಸ್‌ಟೆನ್ಷನ್ ಮ್ಯಾನೇಜರ್’ ಎಂಬುದನ್ನು ಹುಡುಕಿ ಹಾಕಿಕೊಳ್ಳಿ. ಅದನ್ನು ತೆರೆದು, ಹೊಸ ಎಕ್ಸ್‌ಟೆನ್ಷನ್‌ಗಳನ್ನು ಹುಡುಕುವ ಪುಟದಲ್ಲಿ ಡೆಸ್ಕ್‌ಟಾಪ್ ಐಕಾನ್ಸ್ ಎನ್‌ಜಿ ಎಂದು ಇಂಗ್ಲಿಷಿನಲ್ಲಿ ಬರೆದು ಹುಡುಕಿ. ಅದನ್ನೇ ಹೋಲುವ ಹೆಸರಿನ ಬೇರೆ ಎಕ್ಸ್‌ಟೆನ್ಷನ್‌ಗಳೂ ಸಿಗುತ್ತವೆ. ಒಂದೇ ಕೆಲಸ ಮಾಡುವ ಎರಡನ್ನು ಒಟ್ಟಿಗೆ ಚಾಲೂ ಮಾಡಬೇಡಿ. ಹಾಕಿದ ಕೂಡಲೇ ಐಕಾನ್‌ಗಳು ಕಾಣದಿದ್ದರೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ನೀವು ಹಿಂದೆ ಇಟ್ಟಿದ್ದ ಜಾಗಗಳಲ್ಲೇ ಅವು ಕೂರುತ್ತವೆ ಎಂದು ನಾನು ಭರವಸೆ ಕೊಡಲಾರೆ. ಒಂದು ಸಲ ಕೈಯಿಂದ ಜೋಡಿಸಬೇಕಾಗಬಹುದು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು ಸರ್. ಹೋಮ್‌ನಲ್ಲಿದ್ದ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ನಲವತ್ತೆರಡು ಫೈಲುಗಳೂ ಸಿಕ್ಕಿದವು. ನಿನ್ನೆ ರಾತ್ರಿ ಮೊದಲ ಸಲ ಸರಿಯಾಗಿ ನಿದ್ದೆ ಮಾಡಿದೆ. ಪೆನ್‌ಡ್ರೈವಿಗೂ ಹಾಕಿಕೊಂಡೆ. ಎಕ್ಸ್‌ಟೆನ್ಷನ್ ಕೂಡ ಚಾಲೂ ಆಯಿತು, ಆದರೆ ಡೆಸ್ಕ್‌ಟಾಪಿನ ಮೇಲೆ ಈಗ ಹೋಮ್ ಮತ್ತು ಕಸದಬುಟ್ಟಿ ಎಂಬ ಎರಡೇ ಐಕಾನ್‌ಗಳು ಕಾಣುತ್ತಿವೆ. ನನ್ನ ಒಂದು ಫೈಲೂ ಇಲ್ಲ. ಲಾಗ್‌ಔಟ್ ಆಗಿ ಬಂದರೂ ಹಾಗೆಯೇ ಇದೆ.

ಇನ್ನೊಬ್ಬರು

ನನ್ನ ಸಲಹೆ ಬೇರೆ. ಎಕ್ಸ್‌ಟೆನ್ಷನ್‌ಗಳ ಹಂಗೇ ಬೇಡವೆನ್ನುವುದಾದರೆ ಮಾಟೆ ಡೆಸ್ಕ್‌ಟಾಪ್ ಹಾಕಿಕೊಳ್ಳಿ. ಗ್ನೋಮ್ 2 ನಿಂತಾಗ ಅದನ್ನು ಮುಂದುವರಿಸಬೇಕೆಂದೇ 2011ರಲ್ಲಿ ಹುಟ್ಟಿದ್ದು ಅದು, ಮತ್ತು ಐಕಾನ್‌ಗಳು ಅದರಲ್ಲಿ ಮೊದಲಿನಿಂದಲೂ ಇವೆ. ಡೆಬಿಯನ್‌ನಲ್ಲೇ ಸಿಗುತ್ತದೆ. ಲಾಗಿನ್ ಆಗುವಾಗ ಪಾಸ್‌ವರ್ಡ್ ಕೇಳುವ ಪರದೆಯ ಮೂಲೆಯಲ್ಲಿರುವ ಹಲ್ಲಿನ ಚಕ್ರದ ಚಿಹ್ನೆಯನ್ನು ಒತ್ತಿ ಯಾವ ಡೆಸ್ಕ್‌ಟಾಪ್ ಬೇಕೆಂದು ಆರಿಸಬಹುದು. ನಮ್ಮ ತಂದೆಯವರು ಹಾಗೆಯೇ ಬಳಸುತ್ತಿದ್ದಾರೆ.

ಮೊದಲು ಉತ್ತರಿಸಿದವರು

ಮಾಟೆ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈಗ ಎದ್ದಿರುವ ತೊಂದರೆ ಮಾಟೆಗೆ ಹೋದರೂ ಜೊತೆಗೇ ಬರುತ್ತದೆ ಎಂದು ನನಗೆ ಅನ್ನಿಸುತ್ತಿದೆ. ಮೇಡಂ, ಮೊದಲ ಸಲ ಕನ್ನಡದಲ್ಲಿ ಲಾಗಿನ್ ಆದಾಗ, ಫೋಲ್ಡರುಗಳ ಹೆಸರನ್ನು ಈಗಿನ ಭಾಷೆಗೆ ಬದಲಾಯಿಸಬೇಕೇ ಎಂದು ಒಂದು ಪುಟ್ಟ ಕಿಟಕಿ ಬಂದು ಕೇಳಿತೇ? ಹೋಮ್ ಫೋಲ್ಡರಿನಲ್ಲಿ ಕನ್ನಡ ಹೆಸರಿನ ಹೊಸ ಫೋಲ್ಡರುಗಳೇನಾದರೂ ಇವೆಯೇ?

ಪ್ರಶ್ನೆ ಕೇಳಿದವರು

ಹೌದು ಸರ್, ಕೇಳಿತ್ತು. ಕನ್ನಡದಲ್ಲಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಸಂತೋಷದಿಂದಲೇ ಒಪ್ಪಿದೆ. ಕನ್ನಡ ಹೆಸರಿನ ಹಲವು ಫೋಲ್ಡರುಗಳು ಇವೆ, ಎಲ್ಲವೂ ಖಾಲಿ.

ಮೊದಲು ಉತ್ತರಿಸಿದವರು

ಹಾಗಾದರೆ ಗಂಟು ಸಿಕ್ಕಿತು. ನೀವು ಒಪ್ಪಿದ್ದರಲ್ಲಿ ತಪ್ಪೇನಿಲ್ಲ. ಕನ್ನಡದಲ್ಲಿ ಕೇಳಿದಾಗ ಕನ್ನಡದವರು ಒಪ್ಪುವುದೇ ಸಹಜ. ನೀವು ಒಪ್ಪಿದಾಗ ಆ ವ್ಯವಸ್ಥೆ ಕನ್ನಡ ಹೆಸರಿನ ಹೊಸ ಫೋಲ್ಡರುಗಳನ್ನು ಮಾಡಿ, ಇನ್ನು ಮುಂದೆ ಡೆಸ್ಕ್‌ಟಾಪ್ ಎಂದರೆ ಈ ಹೊಸ ಫೋಲ್ಡರ್ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಹಳೆಯ ಫೋಲ್ಡರಿನಲ್ಲಿರುವ ಫೈಲುಗಳನ್ನು ಮಾತ್ರ ಅದು ಹೊಸದಕ್ಕೆ ಸಾಗಿಸುವುದಿಲ್ಲ. ಆ ಕಿಟಕಿಯಲ್ಲೇ ಇದನ್ನು ಹೇಳಿರುತ್ತದೆ, ಆದರೆ ಸಣ್ಣ ಅಕ್ಷರದ ಆ ಸಾಲನ್ನು ಓದಿದವರು ಕಡಿಮೆ. ಎಕ್ಸ್‌ಟೆನ್ಷನ್ ಈಗ ಪಟ್ಟಿಯಲ್ಲಿರುವ ಖಾಲಿ ಫೋಲ್ಡರನ್ನೇ ಪ್ರಾಮಾಣಿಕವಾಗಿ ತೋರಿಸುತ್ತಿದೆ. ಮಾಟೆಯೂ ಅದೇ ಪಟ್ಟಿಯನ್ನು ಓದುತ್ತದೆ.

ಎರಡು ದಾರಿಗಳಿವೆ. ಹಳೆಯ ಫೋಲ್ಡರಿನ ಫೈಲುಗಳನ್ನು ಹೊಸ ಫೋಲ್ಡರಿಗೆ ಸಾಗಿಸುವುದು ಸುಲಭವಾದದ್ದು. ಆದರೆ ನಿಮ್ಮ ಬ್ಯಾಕಪ್ ವ್ಯವಸ್ಥೆ ಹಳೆಯ ಫೋಲ್ಡರನ್ನೇ ನೋಡುತ್ತಿದ್ದರೆ ಹೊಸದರಲ್ಲಿರುವ ಕರಡುಗಳು ಅದಕ್ಕೆ ಸಿಗುವುದಿಲ್ಲ, ಆದ್ದರಿಂದ ಪಟ್ಟಿಯನ್ನು ತಿದ್ದಿ ಹಳೆಯ ಫೋಲ್ಡರನ್ನೇ ಸೂಚಿಸುವುದು ಮೇಲೆಂದು ನನ್ನ ಅಭಿಪ್ರಾಯ. ‘ಫೈಲ್ಸ್’ನಲ್ಲಿ ಹೋಮ್ ಫೋಲ್ಡರನ್ನು ತೆರೆದು ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಅಡಗಿರುವ ಫೋಲ್ಡರುಗಳು ಕಾಣುತ್ತವೆ. ಅವುಗಳಲ್ಲಿ ಚುಕ್ಕೆಯಿಂದ ಆರಂಭವಾಗುವ ಕಾನ್ಫಿಗ್ ಎಂಬ ಫೋಲ್ಡರಿನೊಳಗೆ ಯೂಸರ್ ಡರ್ಸ್ ಎಂಬ ಹೆಸರಿನ ಫೈಲ್ ಇದೆ. ಅದರ ನಕಲೊಂದನ್ನು ಬೇರೆಡೆ ಇಟ್ಟು, ಮೂಲವನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಿರಿ. ಡೆಸ್ಕ್‌ಟಾಪಿಗೆ ಸಂಬಂಧಿಸಿದ ಸಾಲಿನಲ್ಲಿ, ಹೋಮ್ ಎಂಬುದನ್ನೂ ಅದರ ಮುಂದಿನ ಓರೆಗೆರೆಯನ್ನೂ ಮುಟ್ಟದೆ, ಕನ್ನಡದ ಹೆಸರಿನ ಜಾಗದಲ್ಲಿ ಹಳೆಯ ಫೋಲ್ಡರಿನ ಇಂಗ್ಲಿಷ್ ಹೆಸರನ್ನು ಬರೆದು ಉಳಿಸಿ, ಲಾಗ್‌ಔಟ್ ಆಗಿ ಬನ್ನಿ.

ಪ್ರಶ್ನೆ ಕೇಳಿದವರು

ಸರ್, ನೀವು ಹೇಳಿದಂತೆಯೇ ಮಾಡಿದೆ, ಈಗ ಇನ್ನೊಂದು ಆಗಿದೆ. ಹೋಮ್‌ನಲ್ಲಿರುವ ಎಲ್ಲ ಫೋಲ್ಡರುಗಳೂ, ಸಂಗೀತ, ಚಿತ್ರಗಳು, ಡೌನ್‌ಲೋಡ್ ಎಲ್ಲವೂ ಡೆಸ್ಕ್‌ಟಾಪಿನ ಮೇಲೆ ಬಂದು ಕೂತಿವೆ. ನನ್ನ ಕರಡುಗಳು ಮಾತ್ರ ಇಲ್ಲ. ಆ ಫೈಲನ್ನು ಮತ್ತೆ ತೆರೆದು ನೋಡಿದರೆ ನಾನು ಬರೆದ ಹೆಸರೇ ಅಲ್ಲಿಲ್ಲ, ಹೋಮ್ ಎಂದಷ್ಟೇ ಇದೆ.

ಮೊದಲು ಉತ್ತರಿಸಿದವರು

ಇದು ನಾನು ಮೊದಲೇ ಹೇಳಬೇಕಾಗಿದ್ದ ಮಾತು, ಕ್ಷಮಿಸಿ. ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳು ಬೇರೆ ಬೇರೆ. ಹಳೆಯ ಫೋಲ್ಡರಿನ ಹೆಸರು ದೊಡ್ಡ ‘ಡಿ’ಯಿಂದ ಆರಂಭವಾಗುತ್ತದೆ. ನೀವು ಸಣ್ಣ ‘ಡಿ’ ಬರೆದಿರಬೇಕು. ಪ್ರತಿ ಸಲ ಲಾಗಿನ್ ಆಗುವಾಗ ಪಟ್ಟಿಯಲ್ಲಿರುವ ಫೋಲ್ಡರುಗಳು ನಿಜವಾಗಿ ಇವೆಯೇ ಎಂದು ವ್ಯವಸ್ಥೆ ನೋಡುತ್ತದೆ. ಇಲ್ಲದಿದ್ದರೆ ಅದರ ಬದಲು ಹೋಮ್ ಫೋಲ್ಡರನ್ನೇ ಬರೆದುಬಿಡುತ್ತದೆ. ಈಗ ಡೆಸ್ಕ್‌ಟಾಪಿನ ಮೇಲೆ ಕಾಣುತ್ತಿರುವುದು ನಿಮ್ಮ ಹೋಮ್, ಆದ್ದರಿಂದ ಅಲ್ಲಿರುವ ಯಾವುದನ್ನೂ ಬೇಡವೆಂದು ಅಳಿಸಬೇಡಿ. ಅಳಿಸಿದರೆ ಮೂಲವೇ ಹೋಗುತ್ತದೆ. ಫೈಲನ್ನು ಮತ್ತೆ ತೆರೆದು, ಹೋಮ್ ಎಂಬುದರ ಮುಂದೆ ಓರೆಗೆರೆ ಹಾಕಿ, ದೊಡ್ಡಕ್ಷರದಿಂದ ಹೆಸರು ಬರೆದು, ಉದ್ಧರಣ ಚಿಹ್ನೆಗಳು ಎರಡೂ ಕಡೆ ಇವೆಯೇ ನೋಡಿ ಉಳಿಸಿ.

ಪ್ರಶ್ನೆ ಕೇಳಿದವರು

ಬಂದವು ಸರ್! ನಲವತ್ತೆರಡೂ ಬಂದವು. ಸಣ್ಣಕ್ಷರವೇ ಬರೆದಿದ್ದೆ. ಎಲ್ಲವೂ ಒಂದೇ ಕಡೆ ಸಾಲಾಗಿ ಕೂತಿದ್ದವು. ಸಂಜೆ ಎರಡು ಗಂಟೆ ಕುಳಿತು ಎಡಕ್ಕೆ ಹನ್ನೊಂದು, ನಡುವೆ ಆರು, ಉಳಿದವನ್ನು ಬಲಮೂಲೆಗೆ ಎಳೆದು ಇಟ್ಟೆ. ಇಟ್ಟಲ್ಲೇ ನಿಲ್ಲುತ್ತಿವೆ. ನಡುವಿನ ಆರನ್ನು ಗುರುತಿಸುವುದೇ ಕಷ್ಟವಾಯಿತು, ಪ್ರತಿಯೊಂದನ್ನೂ ತೆರೆದು ನನ್ನ ಟಿಪ್ಪಣಿಗಳನ್ನು ಓದಬೇಕಾಯಿತು. ಒಂದು ಸಣ್ಣ ಸಂದೇಹ ಉಳಿದಿದೆ: ನಿಘಂಟಿನ ಪ್ರೋಗ್ರಾಮಿನ ಐಕಾನ್ ಇದೆ, ಒತ್ತಿದರೆ ತೆರೆಯುತ್ತಿಲ್ಲ.

ಮೊದಲು ಉತ್ತರಿಸಿದವರು

ಅದರ ಮೇಲೆ ಬಲಗುಂಡಿ ಒತ್ತಿ, ಚಾಲನೆಗೆ ಅನುಮತಿ ಕೊಡುವ ಆಯ್ಕೆಯನ್ನು ಆರಿಸಿ. ಸುರಕ್ಷತೆಗಾಗಿ ಪ್ರೋಗ್ರಾಮಿನ ಐಕಾನ್‌ಗಳಿಗೆ ಒಂದು ಸಲ ಹೀಗೆ ಅನುಮತಿ ಕೊಡಬೇಕು. ಮತ್ತು ಇದನ್ನು ಬರೆದಿಟ್ಟುಕೊಳ್ಳಿ: ಮುಂದೆ ಡೆಬಿಯನ್ 13ಕ್ಕೆ ಹೋದಾಗ ಗ್ನೋಮ್ 48 ಬರುತ್ತದೆ. 2023ರಲ್ಲಿ ಬಂದ ಗ್ನೋಮ್ 45ರಲ್ಲಿ ಎಕ್ಸ್‌ಟೆನ್ಷನ್‌ಗಳು ನಡೆಯುವ ಬಗೆಯೇ ಬದಲಾಗಿರುವುದರಿಂದ ಈಗ ನೀವು ಹಾಕಿರುವ ಆವೃತ್ತಿ ಅಲ್ಲಿ ನಡೆಯುವುದಿಲ್ಲ, ಹೊಸದನ್ನು ಹಾಕಿಕೊಳ್ಳಬೇಕು. ಮುಂದಿನ ಸಲ ದುರಸ್ತಿಯವರನ್ನು ಕರೆಸುವ ಮುನ್ನ, ಜೋಡಿಸಿಟ್ಟ ಡೆಸ್ಕ್‌ಟಾಪಿನ ಸ್ಕ್ರೀನ್‌ಶಾಟ್ ತೆಗೆದು ಪೆನ್‌ಡ್ರೈವಿನಲ್ಲಿ ಇಡಿ.

ಪ್ರಶ್ನೆ ಕೇಳಿದವರು

ನಿಘಂಟು ತೆರೆಯಿತು. ಸ್ಕ್ರೀನ್‌ಶಾಟ್ ಈಗಲೇ ತೆಗೆದೆ. ಏಳನೆಯ ಅಧ್ಯಾಯವನ್ನು ಇವತ್ತು ಬಲಗಡೆಗೆ ಸರಿಸಿದ್ದೇನೆ.