ಹಳೇ ರೀಪಿನಲ್ಲಿ ಬಿಯರ್ ಬಾಟಲಿ ಪೆಟ್ಟಿಗೆ: ಮೊಳೆಯೇ ಇಳಿಯುತ್ತಿಲ್ಲ

ತುಂಗಾತೀರ:
ತೀರ್ಥಹಳ್ಳಿ ಹತ್ತಿರ ನಮ್ಮ ಹಳೇ ಮನೆಯ ಮಾಡು ಬಿಚ್ಚಿದ್ದೇವೆ. ಹಂಚಿನ ಕೆಳಗಿದ್ದ ಮತ್ತಿ ಮರದ ರೀಪು (ಉದ್ದ ಪಟ್ಟಿ) ರಾಶಿ ಬಿದ್ದಿದೆ. ಅಪ್ಪ ಬಚ್ಚಲೊಲೆಗೆ ಹಾಕು ಅಂತಾರೆ, ನನಗೆ ಮನಸ್ಸಿಲ್ಲ. 650 ಮಿಲೀ ಬಾಟಲಿ 12 ಹಿಡಿಯುವ ಪೆಟ್ಟಿಗೆ ಮಾಡೋಣ ಅಂತಿದ್ದೇನೆ. ಮೊಳೆ ಹೊಡೆದರೆ ಒಂದೋ ಬಾಗುತ್ತದೆ, ಇಲ್ಲ ರೀಪಿನ ತುದಿ ಸೀಳುತ್ತದೆ. ಹೊಗೆಗೆ ಕಪ್ಪಾದದ್ದನ್ನು ಹಾಗೇ ಬಿಡಲಾ, ಕೀಸಲಾ?

ಉಳಿಕೊಡತಿ, ಸಾಗರ:
ಮತ್ತಿ ಅಲ್ವಾ, ಒಣಗಿದ ಮೇಲೆ ಕಬ್ಬಿಣವೇ. ಡ್ರಿಲ್ಲಲ್ಲಿ ಸ್ಕ್ರೂಗಿಂತ ಚೂರು ಸಣ್ಣ ತೂತು ಹಾಕಿ, ತುದಿಯಿಂದ ಒಂದಿಂಚು ಒಳಗೆ. ಆಮೇಲೆ ಸ್ಕ್ರೂ ತಿರುಗಿಸಿ. ಕೀಸುವ ಮೊದಲು ಆಯಸ್ಕಾಂತ ಆಡಿಸಿ ನೋಡಿ. ಮುರಿದು ಒಳಗೇ ಉಳಿದ ಒಂದು ಮೊಳೆ ಸಾಕು, ಕೀಸುಳಿಯ ಬಾಯಿ ಹೋಗುತ್ತದೆ. ಹೊರಮೈ ಕಪ್ಪಾಗೇ ಇರಲಿ, ಚೆಂದ. ಒಳಗೆ ಮಾತ್ರ ಕೀಸಿ, ಇಲ್ಲದಿದ್ದರೆ ಲೇಬಲ್ಲಿಗೆಲ್ಲ ಮಸಿ.

ಮಾಚೇನಹಳ್ಳಿ ಶಿಫ್ಟು:
ತೂಕ ನೋಡಿದ್ದೀರಾ? ತುಂಬಿದ 12 ಬಾಟಲಿಯೇ 14 ಕೆಜಿ ಹತ್ತಿರ. ಅದರ ಮೇಲೆ ಮತ್ತಿ! 6 ಬಾಟಲಿಯದ್ದು ಮಾಡಿ. ಇಲ್ಲ ಫ್ಯಾಕ್ಟರಿಯಲ್ಲಿ ಸರಕು ಇಡುವ ಪ್ಯಾಲೆಟ್‌ನ ಹಲಗೆ ಹುಡುಕಿ. ಎಚ್‌ಟಿ ಮುದ್ರೆ ಇದ್ದರೆ ಬರೀ ಬಿಸಿ ಮಾಡಿದ್ದು, ತಗೊಳ್ಳಿ. ಎಂಬಿ ಅಂತಿದ್ದರೆ ಹುಳ ಸಾಯಲು ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲ ಹಾಕಿದ್ದು, ಮುಟ್ಟಬೇಡಿ.

ತುಂಗಾತೀರ:
ಸರಿ, 6ಕ್ಕೇ ಇಳಿಸಿದೆ. ಹುಳಕ್ಕೆ ಗೇರೆಣ್ಣೆ ಬಳಿಯಲಾ? ಖಾನೆ ಎಷ್ಟಗಲ?

ಉಳಿಕೊಡತಿ, ಸಾಗರ:
ಗೇರೆಣ್ಣೆ ತೊಲೆಗೆ ಸರಿ ಮಾರಾಯ್ರೇ, ಕೈಯಲ್ಲಿ ಹಿಡಿಯುವುದಕ್ಕೆ ಬೇಡ, ಚರ್ಮ ಸುಡುತ್ತದೆ. ಅಗಸೆ ಎಣ್ಣೆ ತೆಳುವಾಗಿ ಒರೆಸಿ. ಖಾನೆ 8 ಸೆಂಟಿಮೀಟರ್ ಸಾಕು, ಆದರೂ ಬಾಟಲಿ ಇಟ್ಟು ಅಳೆಯಿರಿ. ತಳದ ಪಟ್ಟಿಗಳ ನಡುವೆ ಬೆರಳಗಲ ಸಂದು ಬಿಡಿ. ನಮ್ಮ ಆಷಾಢದ ಮಳೆಗೆ ಮುಚ್ಚಿದ ತಳ ಬೂಸ್ಟು ಹಿಡಿಯುತ್ತದೆ.